ನೀಲಕ್ಕನ ಹೆಪ್ಪು

ಕಳ್ಳನನ್ನು ಹಿಡಿಯುವ ಬದಲು ಅವನು ವಾಸವಾಗಿರುವ ಓಣಿಯನ್ನೇ ಸುಧಾರಿಸಿಬಿಟ್ಟರೆ ಹೇಗೆ? ಇದನ್ನು ಯಾವನೋ ಪುಢಾರಿ ಕೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಕೇಳಿದವರು ಕರುಳಿನ ಕ್ಯಾನ್ಸರಿನ ವಿಜ್ಞಾನಿಗಳಾದ್ದರಿಂದ ಜಗತ್ತೆಲ್ಲ ತಲೆಯಾಡಿಸಿತು. ನಾನೂ ಆಡಿಸಿದೆ. ಇಪ್ಪತ್ತೆರಡು ವರ್ಷದಿಂದ ನನ್ನ ಹೊಟ್ಟೆಪಾಡೇ ಅದು.

ವಿಷಯ ಬಹಳ ಕಷ್ಟದ್ದೇನಲ್ಲ. ಗಡ್ಡೆಯ ಕೋಶಗಳೆಲ್ಲ ಒಂದೇ ಸಮ ಕೆಟ್ಟವಲ್ಲ. ಹೆಚ್ಚಿನವು ನಾಲ್ಕು ದಿನ ಮೆರೆದು ತಾವೇ ಸಾಯುತ್ತವೆ. ಅವುಗಳ ನಡುವೆ ಕೆಲವೇ ಕೆಲವು ಆಕರಕೋಶಗಳಿರುತ್ತವೆ. ಗಡ್ಡೆಗೆ ಅವೇ ಬೀಜ. ಬೀಜವನ್ನು ಕೊಂದರೆ ಬೆಳೆ ನಿಲ್ಲುತ್ತದೆಂದು ಹಿಂದಿನ ವೈದ್ಯರು ಅಂದುಕೊಂಡರು, ಕೊಂದರು. ಎರಡು ತಿಂಗಳಲ್ಲಿ ಬೀಜ ಮತ್ತೆ ಹಾಜರ್. ಆಮೇಲೆ ತಿಳಿಯಿತು, ಅದನ್ನು ಬೀಜವಾಗಿ ಮಾಡುವುದು ಅದು ಕೂತ ಜಾಗ. ಗಡ್ಡೆಯ ಸುತ್ತ ನಾರು ನೇಯುವ ಕೋಶಗಳಿರುತ್ತವೆ, ರಕ್ತನಾಳಗಳಿರುತ್ತವೆ, ಕಾವಲಿನ ಕೋಶಗಳಿರುತ್ತವೆ. ಇವು ಕ್ಯಾನ್ಸರ್ ಅಲ್ಲ, ನಮ್ಮವೇ. ಆದರೆ ಸಹವಾಸದಿಂದ ಸನ್ಯಾಸಿ ಕೆಟ್ಟ ಎನ್ನುವ ಹಾಗೆ, ವರ್ಷಗಟ್ಟಲೆ ಗಡ್ಡೆಯ ಮಗ್ಗುಲಲ್ಲಿದ್ದು ಅವೂ ಕೆಡುತ್ತವೆ. ಕೆಟ್ಟಮೇಲೆ ಅವೇ ಗಡ್ಡೆಯ ಕಿವಿ ಊದಲು ಶುರು ಮಾಡುತ್ತವೆ: ಏಳು, ಬೆಳಿ, ಹಬ್ಬು. ಇನ್ನೇನು ಸಾಯಬೇಕಾಗಿದ್ದ ಮುದಿ ಕೋಶ ಕೂಡ ಅದನ್ನು ಕೇಳಿ ಮತ್ತೆ ಹರೆಯಕ್ಕೆ ಬಂದು ಆಕರಕೋಶವಾಗಿ ಕೂರುತ್ತದೆ.

ಹಾಗಾದರೆ ಆ ನೆರೆಯವರ ಬಾಯಿ ಮುಚ್ಚಿಸಿದರಾಯಿತಲ್ಲ? ಅದಕ್ಕೆ ನೆರೆಮದ್ದು ಬಂತು. ದಿನಕ್ಕೊಂದು ಮಾತ್ರೆ. ಚಾಕು ಬೇಡ, ಕೂದಲು ಉದುರುವುದಿಲ್ಲ. ಜನಕ್ಕೆ ಎಷ್ಟು ಹಿಡಿಸಿತೆಂದರೆ ಅಪಾರ್ಟ್‌ಮೆಂಟ್ ಮಾರುವವರು ಕೂಡ ‘ನೆರೆ ಸರಿಯಿದ್ದರೆ ಕರುಳೂ ಸರಿ’ ಎಂದು ಜಾಹೀರಾತು ಕೊಟ್ಟರು. ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಆ ಫಲಕವನ್ನು ನಾನೇ ನೋಡಿದ್ದೇನೆ. ಅದರ ಬುಡದಲ್ಲಿ ಇಬ್ಬರು ಕಾಯಿಪಲ್ಯದವರು ಜಾಗಕ್ಕಾಗಿ ಬಡಿದಾಡುತ್ತಿದ್ದರು.

ಮದ್ದು ಎಲ್ಲರಿಗೂ ನಾಟುವುದಿಲ್ಲ. ಯಾರಿಗೆ ನಾಟುತ್ತದೆಂದು ಹೇಳುವುದು ನಮ್ಮ ಪ್ರಯೋಗಾಲಯದ ಕೆಲಸ. ರೋಗಿಯ ಗಡ್ಡೆಯ ಚೂರು, ಅದೇ ರೋಗಿಯ ಗಡ್ಡೆಯ ಸುತ್ತಲಿನ ಅಂಗಾಂಶದ ಚೂರು, ಎರಡನ್ನೂ ಅಂಗೈಯಗಲದ ಒಂದು ತಟ್ಟೆಯಲ್ಲಿ ಜೊತೆಯಾಗಿ ಬೆಳೆಸುತ್ತೇವೆ. ಆಕರಕೋಶವಾದದ್ದು ಪರದೆಯ ಮೇಲೆ ಹಳದಿಯಾಗಿ ಹೊಳೆಯುವಂತೆ ಗುರುತು ಹಚ್ಚಿರುತ್ತೇವೆ. ಮದ್ದು ಹಾಕಿ ನಲವತ್ತು ದಿನ ಕಾಯುತ್ತೇವೆ. ನಲವತ್ತನೇ ದಿನಕ್ಕೆ ಹಳದಿ ಉಳಿಯದಿದ್ದರೆ ಶಸ್ತ್ರಚಿಕಿತ್ಸೆ ರದ್ದು, ರೋಗಿಗೆ ಮಾತ್ರೆ. ಕಂಡರೆ ಚಾಕು. ಈ ನೆರೆತಟ್ಟೆ ಹೇಳಿದ್ದೇ ವೇದವಾಕ್ಯ.

ಈಗ ಹೆಪ್ಪಿನ ವಿಷಯ. ನೆರೆಕೋಶಗಳು ಕೆಲವೊಮ್ಮೆ ತಟ್ಟೆಯಲ್ಲಿ ಬೇರು ಬಿಡುವುದಿಲ್ಲ. ಕರುಳಿನ ಚೂರೆಂದರೆ ಹೊಲಸಿನಿಂದ ಬಂದದ್ದು, ಬೂಷ್ಟು ಹಿಡಿದು ಹೋಗುತ್ತದೆ. ಉಳಿದ ನಾಲ್ಕು ಕೋಶ ಒಂಟಿಯಾಗಿ ಕೊರಗುತ್ತವೆ. ಆಗ ಬೇರೆ ಯಾರದೋ ಆರೋಗ್ಯವಂತ ನೆರೆಕೋಶಗಳನ್ನು ಒಂದಿಷ್ಟು ಬೆರೆಸಿದರೆ ಇವೂ ಚುರುಕಾಗುತ್ತವೆ. ನಾಲ್ಕು ದಿನವಾದ ಮೇಲೆ, ಬೆರೆಸಿದ್ದು ಇನ್ನೂ ಗಟ್ಟಿಯಾಗಿ ಅಂಟಿರದಾಗಲೇ, ಅದನ್ನು ತೊಳೆದು ತೆಗೆಯಬೇಕು. ಯಾವ ನಿಯಮದ ಪುಸ್ತಕದಲ್ಲೂ ಇದು ಇಲ್ಲ. ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗಿ ಹೆಪ್ಪು ತರುವ ಹೆಂಗಸರು ಕೆಲಸಕ್ಕೆ ಸೇರಿದಾಗ ಪ್ರಯೋಗಾಲಯದಲ್ಲೂ ಅದೇ ನಡೆಯುತ್ತದೆ. ಒಬ್ಬರ ತಟ್ಟೆ ಸೊರಗಿದರೆ ಇನ್ನೊಬ್ಬರು ಕೇಳದೆಯೇ ಒಂದು ಹನಿ ಕೊಡುತ್ತಿದ್ದರು. ಆ ಹೆಪ್ಪು ನನ್ನದಾಗಿತ್ತು. ಸಂಸ್ಥೆ ಶುರುವಾದ ವರ್ಷ ಸಿಬ್ಬಂದಿಯ ಕರುಳಿನಿಂದ ಮಾದರಿ ತೆಗೆದಾಗ ನನ್ನವೇ ಎಲ್ಲಕ್ಕಿಂತ ಗಟ್ಟಿ ಬೆಳೆದವು. ಶೀತಕದಲ್ಲಿ ಶೀಶೆಗಳ ಸಾಲು, ಮೇಲೆ ‘ನೀಲಕ್ಕನ ಹೆಪ್ಪು’ ಎಂಬ ಚೀಟಿ. ಅದರ ಬಗ್ಗೆ ನನಗೆ ಜಂಬವಿತ್ತು, ಸುಳ್ಳು ಹೇಳುವುದಿಲ್ಲ.

ನನ್ನ ಅಕ್ಕ ಕಾಶವ್ವನಿಗೆ ಹಳೇ ಹುಬ್ಬಳ್ಳಿಯಲ್ಲಿ ಖಾನಾವಳಿ ಇತ್ತು. ಅವಳು ಏಳನೇ ಇಯತ್ತೆಗೆ ಶಾಲೆ ಬಿಟ್ಟು ಅವ್ವನ ಜೊತೆ ರೊಟ್ಟಿ ಬಡಿಯಲು ಕೂತಳು, ನಾನು ಬಿ.ಎಸ್ಸಿ. ಓದಿದೆ. ಅವಳು ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, “ದಿನಾ ಇನ್ನೂರು ಮಂದಿ ಗಂಡಸರಿಗೆ ಬಡಸ್ತೀನಿ, ಇನ್ನೊಬ್ಬನ್ನ ಎಲ್ಲಿ ಕಟಗೊಳ್ಳಿ?” ಎನ್ನುತ್ತಿದ್ದಳು. ಅವಳ ಎಣಗಾಯಿಗೆ ಧಾರವಾಡದಿಂದ ವಕೀಲರು ಬರುತ್ತಿದ್ದರು.

ಎಂಟು ತಿಂಗಳಿಂದ ರಕ್ತ ಹೋಗುತ್ತಿತ್ತಂತೆ. ಮೂಲವ್ಯಾಧಿ ಎಂದು ತನಗೆ ತಾನೇ ಹೇಳಿಕೊಂಡು ಮಜ್ಜಿಗೆ ಕುಡಿದು ಕೂತಿದ್ದಳು. ನನಗೆ ತಿಳಿಸಿದ್ದು ಒಲೆಯ ಮುಂದೆಯೇ ತಲೆ ತಿರುಗಿ ಬಿದ್ದಮೇಲೆ. ಹಿಂದಿನಿಂದ ಪೈಪು ಹಾಕಿ ಕರುಳು ನೋಡಿದರು. ಗುದದ್ವಾರಕ್ಕೆ ತೀರ ಹತ್ತಿರ, ನಿಂಬೆಹಣ್ಣಿನಷ್ಟು ಗಡ್ಡೆ. ಇನ್ನೂ ಎಲ್ಲೂ ಹಬ್ಬಿರಲಿಲ್ಲ. ಕೊಯ್ದು ತೆಗೆದರೆ ನೂರಕ್ಕೆ ಎಪ್ಪತ್ತು ಪಾಲು ಉಳಿಯುತ್ತಾಳೆ ಎಂದರು ಶಸ್ತ್ರವೈದ್ಯರು. ಆದರೆ ಗುದದ್ವಾರವನ್ನೂ ತೆಗೆಯಬೇಕು. ಆಮೇಲೆ ಜೀವನಪೂರ್ತಿ ಹೊಟ್ಟೆಯ ಮೇಲೊಂದು ತೂತು, ಅದಕ್ಕೊಂದು ಚೀಲ.

ಆ ದಿನ ಮಧ್ಯಾಹ್ನದ ಪಂಕ್ತಿ ಮುಗಿದ ಮೇಲೆ ಅಕ್ಕ ಕಟ್ಟೆಯ ಮೇಲೆ ಕೂತು ನನ್ನ ಮುಖ ನೋಡಿದಳು.

“ಹೊಟ್ಟಿ ಮ್ಯಾಲೆ ಹೇಲಿನ ಚೀಲಾ ಕಟಗೊಂಡಾಕಿ ಕೈಯಾಗಿನ ರೊಟ್ಟಿ ಯಾರ ತಿಂತಾರ ನೀಲಾ?”

“ಸೀರಿ ಒಳಗ ಇರತೈತಿ ಅಕ್ಕ. ಯಾರಿಗೂ ಕಾಣಂಗಿಲ್ಲ, ವಾಸನಿನೂ ಬರಂಗಿಲ್ಲ.”

“ಊರಿಗೆಲ್ಲಾ ಗೊತ್ತಾಗತೈತಿ. ಈ ಊರಾಗ ಯಾರ ಮನ್ಯಾಗ ಸಾರಿಗೆ ಉಪ್ಪು ಕಮ್ಮಿ ಆಗೇತಿ ಅನ್ನೂದೂ ಗೊತ್ತಿರತೈತಿ.” ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು, “ನಿಮ್ಮ ತಟ್ಟಿ ಒಳಗ ಇಟ್ಟು ನೋಡ್ರಿ. ಗುಳಗಿ ನಡೀತೈತಿ ಅಂದ್ರ ಗುಳಗಿ ತಗೋತೀನಿ. ಇಲ್ಲಂದ್ರ ಕೊಯ್ರಿ. ಆದರ ಆ ಪೈಪು ಮಾತ್ರ ಮತ್ತೊಮ್ಮೆ ಹಾಕಸ್ಕೊಳ್ಳಾಂಗಿಲ್ಲ. ಸತ್ತರೂ ಇಲ್ಲ.”

ಅವಳು ನನ್ನನ್ನು ಏನೂ ಕೇಳಿದವಳಲ್ಲ. ಇದೊಂದನ್ನು ಕೇಳಿದಳು.

ಅಕ್ಕನ ತಟ್ಟೆಗೆ ಇನ್ನೂರ ಹನ್ನೆರಡನೆಯ ಸಂಖ್ಯೆ ಬಿತ್ತು. ನಿಯಮದ ಪ್ರಕಾರ ಬಂಧುಗಳ ತಟ್ಟೆಯನ್ನು ಬಂಧುಗಳು ಮುಟ್ಟಬಾರದು. ನಮ್ಮ ಮುಖ್ಯಸ್ಥ ಡಾ. ನದಾಫ್ ನನಗಿಂತ ಹದಿನೈದು ವರ್ಷ ಚಿಕ್ಕವರು. ಅಕ್ಕನ ಖಾನಾವಳಿಯಲ್ಲಿ ಉಂಡು ಡಾಕ್ಟರೇಟ್ ಮುಗಿಸಿದವರು. “ನಿಮ್ಮಷ್ಟು ನಾಜೂಕಾಗಿ ಯಾರ ಮಾಡ್ತಾರ ನೀಲಕ್ಕಾ? ನೀವ ಮಾಡ್ರಿ,” ಎಂದು ಬಿಟ್ಟುಕೊಟ್ಟರು. ಪ್ರೀತಿಯಿಂದಲೇ ಬಿಟ್ಟುಕೊಟ್ಟದ್ದು.

ಗಡ್ಡೆಯ ಚೂರು ಚೆನ್ನಾಗಿ ಹತ್ತಿತು. ನೆರೆಯ ಚೂರು ಮೂರನೇ ದಿನ ಬೂಷ್ಟು ಹಿಡಿಯಿತು. ಕೆರೆದು, ತೊಳೆದು, ಬೂಷ್ಟಿನ ಮದ್ದು ಹಾಕಿ ಅಲ್ಲಿಷ್ಟು ಇಲ್ಲಿಷ್ಟು ಕೋಶ ಉಳಿಸಿದೆ. ಅವು ಬೆಳೆಯಲೊಲ್ಲವು. ಸರಿಯಾದ ದಾರಿಗಳು ಎರಡೇ ಇದ್ದವು: ಮತ್ತೆ ಪೈಪು ಹಾಕಿ ಹೊಸ ಚೂರು ತೆಗೆಯುವುದು. ಇಲ್ಲವೇ ತಟ್ಟೆ ವಿಫಲ ಎಂದು ಬರೆದು ಅಕ್ಕನನ್ನು ಶಸ್ತ್ರಚಿಕಿತ್ಸೆಗೆ ಕಳಿಸುವುದು.

ನಾನು ಶೀತಕದ ಬಾಗಿಲು ತೆಗೆದೆ. ಒಂದು ಹನಿ ಹೆಪ್ಪು ಹಾಕಿದೆ. ಬೇರೆಯವರ ತಟ್ಟೆಗಳಿಗೆ ಹಾಕುವಾಗ ಇರುತ್ತಿದ್ದ ಅಳುಕು ಅಂದು ಇರಲಿಲ್ಲ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ಒಲೆಯ ಅನ್ನ ತಿಂದವರು, ನನ್ನ ಕೋಶ ಅವಳಿಗೆ ಪರಕೀಯವೇ? ಹೀಗೆ ಯೋಚಿಸಿದೆ. ಇಪ್ಪತ್ತೆರಡು ವರ್ಷ ಇದನ್ನೇ ಅರೆದು ಕುಡಿದವಳು ಹೀಗೆ ಯೋಚಿಸಿದೆ ನೋಡಿ.

ಹೆಪ್ಪು ಹಾಕಿದ ನಾಲ್ಕನೇ ದಿನ ತೊಳೆದೆ. ಹೆಪ್ಪು ಹೋಯಿತೋ ಇಲ್ಲವೋ ಎಂದು ತಿಳಿಯಲು ಗುರುತು ಪರೀಕ್ಷೆ ಎಂಬುದಿದೆ; ಯಾವ ಕೋಶ ಯಾರದು ಎಂದು ಅರ್ಧ ದಿನದಲ್ಲಿ ಹೇಳುತ್ತದೆ. ಮಾಡಲಿಲ್ಲ. ತಟ್ಟೆಯ ಕಾಗದದಲ್ಲಿ ಆ ಪರೀಕ್ಷೆಯ ಸಾಲಿನ ಮುಂದೆ ‘ಆಗಿದೆ’ ಎಂದು ಬರೆದೆ. ಮರೆತು ಬರೆದದ್ದಲ್ಲ. ತಟ್ಟೆಯಲ್ಲಿ ನೆರೆಕೋಶಗಳು ನಳನಳಿಸುತ್ತಿದ್ದವು. ಪರೀಕ್ಷೆ ಮಾಡಿದರೆ ಏನು ಬರಬಹುದೆಂಬ ಭಯ ನನಗಿತ್ತು, ಆದ್ದರಿಂದ ಮಾಡಲಿಲ್ಲ.

ನಲವತ್ತು ದಿನ. ಬೆಳಿಗ್ಗೆ ಬಂದೊಡನೆ ಚಪ್ಪಲಿ ಬಿಟ್ಟು ಮೊದಲು ಪರದೆ ನೋಡುತ್ತಿದ್ದೆ. ಮದ್ದು ಹಾಕಿದ ದಿನ ಆರು ಹಳದಿ ಚುಕ್ಕೆಗಳಿದ್ದವು. ಒಂಬತ್ತನೇ ದಿನ ಎರಡು. ಹದಿಮೂರನೇ ದಿನ ಒಂದೂ ಇಲ್ಲ. ಆಮೇಲೆ ಕೊನೆಯವರೆಗೆ ಕಪ್ಪೋ ಕಪ್ಪು. ಇಷ್ಟು ಸಾಧು ಗಡ್ಡೆಯನ್ನು ತಾವು ನೋಡಿಲ್ಲ ಎಂದರು ಡಾ. ನದಾಫ್. ನಲವತ್ತೊಂದನೇ ದಿನ ಶಸ್ತ್ರಚಿಕಿತ್ಸೆ ರದ್ದಾಯಿತು. ಅಕ್ಕ ಪ್ರಯೋಗಾಲಯದ ಮೂವತ್ತು ಜನಕ್ಕೂ ಬುತ್ತಿ ಕಳಿಸಿದಳು: ಕಟಕ ರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ, ಕೆನೆಮೊಸರು. ಮೊಸರಿನ ಗಡಿಗೆ ನೋಡಿ ಹುಡುಗಿಯರು, “ಇದಕ್ಕೂ ನೀಲಕ್ಕನ ಹೆಪ್ಪ ಹಾಕೀರೇನ್ರೀ?” ಎಂದು ಚಾಷ್ಟಿ ಮಾಡಿದರು. ನಾನೂ ನಕ್ಕೆ. ಆ ನಗು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಏಳು ತಿಂಗಳು ಅಕ್ಕ ಮಾತ್ರೆ ತಿಂದಳು. ರಕ್ತ ನಿಂತಿತು ಎಂದಳು. ಸುಳ್ಳು ಹೇಳಿದಳೋ, ನಿಜಕ್ಕೂ ಸ್ವಲ್ಪ ದಿನ ನಿಂತಿತ್ತೋ ತಿಳಿಯದು. ಗಿರಾಕಿಗಳ ಮುಂದೆ ಗುಳಿಗೆಯ ಡಬ್ಬಿ ಅಲ್ಲಾಡಿಸಿ ತೋರಿಸುತ್ತಿದ್ದಳು. “ನಮ್ಮ ನೀಲಾ ಮಾಡಿದ್ದು,” ಎನ್ನುತ್ತಿದ್ದಳು. ನಾನು ಮಾಡಿದ್ದಲ್ಲ ಎಂದು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಎಂಟನೇ ತಿಂಗಳಲ್ಲಿ ಅವಳ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು. ಸ್ಕ್ಯಾನ್ ಮಾಡಿಸಿದರೆ ಯಕೃತ್ತಿನ ತುಂಬ ಗಡ್ಡೆಗಳು, ಎಣಿಸುವುದನ್ನು ಹನ್ನೊಂದಕ್ಕೆ ಬಿಟ್ಟರಂತೆ. ಇನ್ನು ಕೊಯ್ಯುವಂತಿರಲಿಲ್ಲ.

ಸತ್ತರೂ ಪೈಪು ಬೇಡ ಎಂದವಳು ಈ ಸಲ ಮಾತಾಡದೆ ಮಗ್ಗುಲಾದಳು. ಮದ್ದು ಎಲ್ಲಿ ಸೋತಿತೆಂದು ನೋಡಲು ಹೊಸ ಚೂರುಗಳು ಬಂದವು. ಈ ಬಾರಿ ತಟ್ಟೆಯನ್ನು ಡಾ. ನದಾಫ್ ತಾವೇ ಹಚ್ಚಿದರು, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. ನೆರೆಯ ಚೂರಿಗೆ ಬೂಷ್ಟು ಬರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನನ್ನ ಹೆಪ್ಪಿನ ಕೋಶಗಳು ತೆಳ್ಳಗೆ, ಸಾಲಾಗಿ, ಒಂದರ ಮೈ ಒಂದಕ್ಕೆ ತಾಗದಂತೆ ಇರುತ್ತವೆ. ಅಕ್ಕನವು ದಪ್ಪ, ಬಿಗಿ, ನಾರು ಹೆಣೆದು ಹೆಣೆದು ಗಂಟಾಗಿದ್ದವು. ಎಷ್ಟೋ ವರ್ಷ ಆ ಗಡ್ಡೆಯ ಪಕ್ಕದಲ್ಲಿ ಬಾಳಿದ ಕೋಶಗಳು. ಇವುಗಳಲ್ಲಿ ಒಂದನ್ನೂ ನಾನು ಇನ್ನೂರ ಹನ್ನೆರಡನೇ ತಟ್ಟೆಯಲ್ಲಿ ಕಂಡಿರಲಿಲ್ಲ. ಆಗಲೇ ನನಗೆ ತಿಳಿದುಹೋಯಿತು.

ಮದ್ದು ಹಾಕಿದರು. ಆರು ದಿನ ಸಾಕಾಯಿತು. ಒಂದನೇ ದಿನ ಹಳದಿ ಚುಕ್ಕೆ ನಾಲ್ಕು. ಮೂರನೇ ದಿನ ಮೂವತ್ತು. ಆರನೇ ದಿನ ಪರದೆಯ ಮೇಲೆ ಎಲ್ಲಿ ನೋಡಿದರಲ್ಲಿ ಹಳದಿ. ಸಾಯಲು ಬಿದ್ದಿದ್ದ ಕೋಶಗಳು ಒಂದೊಂದಾಗಿ ಎದ್ದು ಕೂರುವುದನ್ನು ಇಬ್ಬರೂ ನಿಂತು ನೋಡಿದೆವು. ಮದ್ದು ಅವುಗಳ ನೆರೆಯವರಿಗೆ ಯಾವ ಲೆಕ್ಕಕ್ಕೂ ಇರಲಿಲ್ಲ.

ಡಾ. ನದಾಫ್ ಪ್ರಯೋಗಾಲಯದಲ್ಲಿ ಇನ್ನೂ ಜೀವಂತವಿದ್ದ ಹಳೆಯ ತಟ್ಟೆಯಿಂದ ಒಂದು ಹನಿ ತೆಗೆದು ಗುರುತು ಪರೀಕ್ಷೆಗೆ ಹಾಕಿದರು. ಸಂಜೆ ಕಾಗದ ಹಿಡಿದು ಬಂದರು.

“ಇನ್ನೂರ ಹನ್ನೆರಡರಾಗ ನಿಮ್ಮ ಅಕ್ಕನ ನೆರೆಕೋಶ ಒಂದೂ ಇಲ್ಲ ನೀಲಕ್ಕಾ. ಎಲ್ಲಾ ನಿಮ್ವು.”

“ಹೌದ್ರಿ.”

“ತೊಳದಿದ್ದಿರಿ?”

“ತೊಳದಿದ್ದೆ. ಹೋಗಿಲ್ಲ. ಅಕ್ಕನ ಕೋಶಾ ಅವ ತಿಂದು ಹಾಕ್ಯಾವ.”

“ಪರೀಕ್ಷೆ ಆಗೇತಿ ಅಂತ ಬರದೀರಿ.”

“ಮಾಡಿರಲಿಲ್ಲರಿ.”

ಅವರು ಕುರ್ಚಿಯಲ್ಲಿ ಕೂತುಬಿಟ್ಟರು. “ಆ ತಟ್ಟಿ ನಿಮ್ಮ ಕೈಯಾಗ ಕೊಟ್ಟಾಂವಾ ನಾನ,” ಎಂದರು. ಆಮೇಲೆ, ನಾನು ಕೇಳದಿದ್ದರೂ, “ಆವಾಗ ಕೊಯ್ದಿದ್ರ ಉಳೀತಿದ್ರು,” ಎಂದರು.

ಹೆಪ್ಪಿನ ಹುಳಿ ಎಲ್ಲ ಹಾಲಿಗೂ ಹಬ್ಬುತ್ತದೆಂದು ಅಡಿಗೆಮನೆಯಲ್ಲಿ ಕೂತ ಯಾವ ಹುಡುಗಿಗಾದರೂ ಗೊತ್ತು. ಚುರುಕಾದ ನನ್ನ ಕೋಶಗಳು ಸೊರಗಿದ ಅವಳ ಕೋಶಗಳ ಜಾಗವನ್ನೆಲ್ಲ ನುಂಗಿದ್ದವು. ಅವುಗಳ ನಡುವೆ ಗಡ್ಡೆ ಸುಮ್ಮನೆ ಕೂತಿತ್ತು, ಏಕೆಂದರೆ ನನ್ನವು ಯಾವ ಗಡ್ಡೆಯ ಕಿವಿಯನ್ನೂ ಊದಿದವಲ್ಲ. ಮದ್ದು ಹಾಕದಿದ್ದರೂ ಸುಮ್ಮನಿರುತ್ತಿತ್ತು. ಗದ್ದಲವನ್ನೇ ಮಾಡದವರ ಬಾಯಿ ಮುಚ್ಚಿಸಿ ನಾವು ಗೆದ್ದೆವೆಂದು ಮೊಸರು ಉಂಡಿದ್ದೆವು.

ಮರುದಿನ ಮಧ್ಯಾಹ್ನ ಖಾನಾವಳಿಗೆ ಹೋದೆ. ಪಂಕ್ತಿ ಮುಗಿದಿತ್ತು. ರೊಟ್ಟಿ ಬಡಿಯಲು ಬೇರೆ ಹೆಂಗಸು ಬಂದಿದ್ದಳು. ಅಕ್ಕ ಒಲೆಯಿಂದ ದೂರ ಗೋಡೆಗೆ ಒರಗಿ, ಕುಳಿತಲ್ಲಿಂದಲೇ ಅವಳಿಗೆ ಹಿಟ್ಟು ನಾದುವುದು ಹೇಳಿಕೊಡುತ್ತಿದ್ದಳು. ನಾನು ಹೊಸಿಲು ದಾಟಿದವಳು ನಿಂತೇ ಎಲ್ಲ ಹೇಳಿದೆ. ಬೂಷ್ಟು, ಹೆಪ್ಪು, ತೊಳೆದದ್ದು, ಮಾಡದ ಪರೀಕ್ಷೆಗೆ ‘ಆಗಿದೆ’ ಎಂದು ಬರೆದದ್ದು. ಚಿಕ್ಕವಳಿದ್ದಾಗ ಬೆಲ್ಲ ಕದ್ದು ಸಿಕ್ಕಿಬಿದ್ದಾಗಲೂ ಹೀಗೇ ಗೋಡೆ ನೋಡುತ್ತ ಹೇಳಿದ್ದೆ.

ಅಕ್ಕ ಪೂರ್ತಿ ಕೇಳಿದಳು. ಅಳಲಿಲ್ಲ.

“ಆ ತಟ್ಟಿ ಒಳಗ ಗಡ್ಡಿ ಇನ್ನೂ ಸುಮ್ಮನ ಐತೇನು?”

“ಹೂಂ.”

“ಸತ್ತಿಲ್ಲ?”

“ಇಲ್ಲಕ್ಕ. ಜೀವಂತ ಐತಿ. ಬೆಳಿಯಾಂಗಿಲ್ಲ, ಅಷ್ಟ.”

“ಏನ ತಿಂತೈತಿ?”

“ಸಕ್ಕರಿ, ಉಪ್ಪು, ಒಂದೀಟು ಸತ್ವ. ಕೆಂಪನ ನೀರಿನಂಗ ಇರತೈತಿ.”

“ಯಾರ ಹಾಕ್ತಾರ?”

“ನಾನ.”

ಅಕ್ಕ ನಕ್ಕಳು. ನಗುವಾಗ ಪಕ್ಕೆ ನೋವಾಗಿ ಕೈ ಒತ್ತಿ ಹಿಡಿದಳು. “ಹುಟ್ಟಿದಾಗಿಂದ ನನಗ ಒಂದ ದಿನಾ ಒಂದ ರೊಟ್ಟಿ ಬಡದ ಹಾಕಲಿಲ್ಲ ನೀ. ಅದಕ್ಕ ಹಾಕ್ತಿ.”

ನಾನು ಅವಳ ಕಾಲ ಹತ್ತಿರ ಕೂತೆ. ತಪ್ಪಾಯಿತು ಎಂದೆ. ಎಷ್ಟು ಸಲ ಎಂದೆನೋ ನೆನಪಿಲ್ಲ.

“ಚೀಲಾ ಕಟಗೊಂಡರ ಮಂದಿ ಉಣ್ಣಾಂಗಿಲ್ಲ ಅಂತ ಅಂಜಿದ್ದೆ,” ಎಂದಳು ಅಕ್ಕ. “ಉಣ್ಣದಿದ್ರ ಬಿಡಲಿ. ಅದಕ್ಕೇನ ಸಾಯಬೇಕಾಗಿತ್ತು? ನನಗ ತಿಳೀಲಿಲ್ಲ. ನನಗ ಓದು ಇಲ್ಲ. ನೀ ಓದಿದಾಕಿ. ನೀ ಬೈದು ಹೇಳಬೇಕಿತ್ತು. ಕೊಯ್ಸು ಅಂತ ಕೈ ಹಿಡದು ಎಳಕೊಂಡ ಹೋಗಬೇಕಿತ್ತು. ನಾ ಏನ ಕೇಳಿದ್ನಿ ಅದನ್ನ ಮಾಡಿ ಕೊಟ್ಟಿ.”



“ನಿನ್ನ ಮಾಫ್ ಮಾಡಾಂಗಿಲ್ಲ ನೀಲಾ,” ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಇವತ್ತು ಬದನೆಕಾಯಿ ತೀರಿದೆ ಎಂದು ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದಳು. ಆಮೇಲೆ ರೊಟ್ಟಿಯವಳ ಕಡೆ ತಿರುಗಿ, “ಇಕಿಗೆ ಬಡಸು. ಉಂಡಿಲ್ಲ ಮುಂಜಾನಿಂದ,” ಎಂದಳು. “ಉಂಡ ಹೋಗು.”

ಉಂಡೆ. ಎರಡು ರೊಟ್ಟಿ, ಝುಣಕ, ಮೊಸರು. ಎಲೆಯಲ್ಲಿ ಬಿಟ್ಟರೆ ಅವಳು ಸುಮ್ಮನಿರುವವಳಲ್ಲ.

ಅಕ್ಕ ಹೋಗಿ ಈಗ ಎರಡು ವರ್ಷ. ವಿಚಾರಣೆ ನಡೆಯಿತು. ಹೆಪ್ಪು ಹಾಕುವ ಪದ್ಧತಿ ನಿಂತಿತು. ನಾವು ಹೆಪ್ಪು ಹಾಕಿದ್ದ ಹಳೆಯ ತಟ್ಟೆಗಳನ್ನೆಲ್ಲ ತೆಗೆದು ಪರೀಕ್ಷಿಸಿದಾಗ ಇನ್ನೂ ಮೂರರಲ್ಲಿ ನನ್ನ ಕೋಶಗಳು ಸಿಕ್ಕವು. ಆ ಮೂವರಲ್ಲಿ ಒಬ್ಬರು ಬದುಕಿದ್ದಾರೆ. ಅವರನ್ನು ಕರೆಸಿ ಕೊಯ್ದರು, ಚೀಲ ಹಾಕಿಕೊಂಡು ಹಾವೇರಿಯಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದಾರೆ. ಅಂಗಡಿಗೆ ಗಿರಾಕಿ ಕಡಿಮೆಯಾಗಿಲ್ಲವಂತೆ. ಉಳಿದಿಬ್ಬರ ಮನೆಗೆ ನಾನು ಹೋಗಿದ್ದೆ. ಒಂದು ಮನೆಯವರು ಬಾಗಿಲು ತೆಗೆಯಲಿಲ್ಲ.

ನನ್ನನ್ನು ಕೆಲಸದಿಂದ ತೆಗೆಯುತ್ತಾರೆಂದು ಕಾದೆ. ತೆಗೆಯಲಿಲ್ಲ. ಕಾರಣ ಇನ್ನೂರ ಹನ್ನೆರಡನೇ ತಟ್ಟೆ. ಮನುಷ್ಯನ ಗಡ್ಡೆಯೊಂದು ಆರೋಗ್ಯವಂತ ನೆರೆಯ ನಡುವೆ ಇಷ್ಟು ದೀರ್ಘಕಾಲ ಸಾಯದೆ, ಬೆಳೆಯದೆ ಕೂತದ್ದು ಬೇರೆಲ್ಲೂ ಇಲ್ಲವಂತೆ. ನೋಡಲು ಹೊರದೇಶಗಳಿಂದ ಬರುತ್ತಾರೆ. ಕೆಟ್ಟ ನೆರೆಯನ್ನು ಸುಮ್ಮನಾಗಿಸುವ ಬದಲು ಒಳ್ಳೆಯ ನೆರೆಯನ್ನೇ ಕರುಳಿನೊಳಗೆ ನೆಟ್ಟರೆ ಹೇಗೆ ಎಂಬ ಹೊಸ ಪ್ರಶ್ನೆ ಇದರಿಂದ ಹುಟ್ಟಿದೆ. ಮುಂದೆ ಎಷ್ಟೋ ಜನ ಇದರಿಂದ ಉಳಿಯಬಹುದು ಎನ್ನುತ್ತಾರೆ ಡಾ. ನದಾಫ್. ಹೇಳುವಾಗ ನನ್ನ ಮುಖ ನೋಡುವುದಿಲ್ಲ. ಉಳಿಯಲಿ. ನನಗೆ ಹೊಟ್ಟೆಕಿಚ್ಚಾಗುತ್ತದೆ, ಆದರೂ ಉಳಿಯಲಿ.

ಬೇರೆಯವರು ನೋಡಿಕೊಂಡರೆ ಆ ತಟ್ಟೆ ಬಾಡುತ್ತದೆ. ಎರಡು ಸಲ ಪ್ರಯತ್ನಿಸಿ ಸೋತರು. ಆದ್ದರಿಂದ ಒಂದು ದಿನ ಬಿಟ್ಟು ಒಂದು ದಿನ ಮಧ್ಯಾಹ್ನ, ಖಾನಾವಳಿಯಲ್ಲಿ ಪಂಕ್ತಿ ಹಾಕುತ್ತಿದ್ದ ಹೊತ್ತಿಗೆ, ನಾನು ಕೈ ತೊಳೆದು ಕೈಗವಸು ಹಾಕಿಕೊಂಡು ಮುಚ್ಚಳ ತೆಗೆಯುತ್ತೇನೆ. ಹಳೆಯ ನೀರು ಬಸಿದು ಹೊಸದು ಬಡಿಸುತ್ತೇನೆ. ಪರದೆ ಕಪ್ಪಗಿರುತ್ತದೆ. ನನ್ನ ಅಕ್ಕನನ್ನು ತಿಂದದ್ದು ನನ್ನ ಕೋಶಗಳ ನಡುವೆ ಒಳ್ಳೆಯ ಮಗುವಿನ ಹಾಗೆ ಉಂಡು ಮಲಗಿರುತ್ತದೆ. ಮುಚ್ಚಳ ಹಾಕಿ, ಕಾಗದದಲ್ಲಿ ಆ ದಿನದ ಸಾಲಿನ ಮುಂದೆ ‘ಆಗಿದೆ’ ಎಂದು ಬರೆಯುತ್ತೇನೆ. ಈಗ ನಿಜಕ್ಕೂ ಮಾಡಿಯೇ ಬರೆಯುತ್ತೇನೆ.